ಮಾಯದ ಗಾಯಕ್ಕೆ ಅರಿಶಿನದ ಮೇಲೆ ಅರಿಶಿನ ಮೆತ್ತಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಬಂದ ಮನೆಮದ್ದಿನ ಬರಹ ಓದಿದೆ. ಹಳೇ ಗಾಯ ಮಾಯಲು ಅರಿಶಿನ, ಜೇನುತುಪ್ಪ, ಲೋಳೆಸರ, ಬೇವು. ಕಲೆ ಹೋಗಲು ನಿಂಬೆರಸ. ಯಾವುದನ್ನು ಹೇಗೆ ಹಚ್ಚಬೇಕು ಅಂತ ವಿವರವಾಗಿಯೇ ಇದೆ. ಆದರೆ ಗಾಯ ಯಾಕೆ ಮಾಯುತ್ತಿಲ್ಲ ಅನ್ನುವ ಪ್ರಶ್ನೆ ಇಡೀ ಬರಹದಲ್ಲಿ ಒಂದು ಕಡೆಯೂ ಇಲ್ಲ. ನಾನು ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನೌಕರಿಯ ಬಹುಪಾಲು ಕಳೆದವಳು. ಈಗ ನಿವೃತ್ತಿಯಾಗಿ ಸೇಡಂನಲ್ಲಿದ್ದೇನೆ. ಇವತ್ತಿಗೂ ಓಣಿಯವರು ಕಾಲಿಗೆ ಅರಿವೆ ಸುತ್ತಿಕೊಂಡು ಬಂದು ನಮ್ಮ ಕಟ್ಟೆ ಮೇಲೆ ಕೂರುತ್ತಾರೆ, "ಅಕ್ಕೋರೆ, ಎಲ್ಲಾ ಹಚ್ಚಿ ನೋಡೀನ್ರಿ, ಮಾಯವಲ್ದು" ಅನ್ನುತ್ತಾರೆ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಆದರೂ ಕತ್ತರಿಸದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಮನೆಮದ್ದಿನ ಮೇಲೆ ನನಗೆ ಸಿಟ್ಟಿಲ್ಲ. ರೊಟ್ಟಿ ಬೇಯಿಸುವಾಗ ಬೆರಳು ಸುಟ್ಟರೆ, ಈಳಿಗೆ ತಾಗಿ ಚರ್ಮ ಗೀರಿದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಅಂಥ ಗಾಯ ತೊಳೆದು ಚೊಕ್ಕ ಇಟ್ಟರೆ ಸಾಕು, ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ನಾನು ಹೇಳುತ್ತಿರುವುದು ಇನ್ನೊಂದು ಥರದ ಗಾಯದ ಬಗ್ಗೆ. ಮೂರು ವಾರ ಆಯ್ತು, ತಿಂಗಳಾಯ್ತು, ಇನ್ನೂ ರಸಿಗೆ ಒಸರುತ್ತಲೇ ಇದೆ. ಅಂಥ ಗಾಯಕ್ಕೆ ಇವತ್ತು ಅರಿಶಿನ, ನಾಳೆ ಬೇವು, ನಾಡಿದ್ದು ಯಾರೋ ಹೇಳಿದ ಎಲೆ ಅಂತ ಮದ್ದು ಬದಲಾಯಿಸುತ್ತಾ ಕೂತು, ಕೊನೆಗೆ ಬೆರಳು, ಪಾದ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಎಷ್ಟೋ ಜನರ ಕಾಲು ಉಳಿಯುತ್ತಿತ್ತು.

ನಮ್ಮ ಕಡೆ ತೊಗರಿ ಕೊಯ್ಲು ಶುರುವಾದರೆ ಕಾಲಿನ ಗಾಯವೂ ಶುರು. ಡಿಸೆಂಬರ್, ಜನವರಿ. ಗಿಡ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಓರೆಯಾಗಿ ಕತ್ತರಿಸಿರುತ್ತದೆ, ಹವಾಯಿ ಚಪ್ಪಲಿಯನ್ನೂ ತೂರಿಕೊಂಡು ಅಂಗಾಲಿಗೆ ಇಳಿಯುತ್ತದೆ. ಹಿಂದಿನ ಸುಗ್ಗಿಯಲ್ಲಿ ಕೂಲಿಗೆ ಹೋಗುವ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅಂಗಾಲಿಗೆ ಅರಿಶಿನ, ಸುಣ್ಣ ಕಲಸಿ ದಿನಾ ಮೆತ್ತಿ ಮೆತ್ತಿ ಗಚ್ಚು ಕಟ್ಟಿತ್ತು. ಸುಣ್ಣ ಬಿದ್ದರೆ ಅರಿಶಿನ ಕೆಂಪಾಗುತ್ತದೆ, ಗೊತ್ತಲ್ಲ, ಹಾಗಾಗಿ ಒಳಗೆ ಚರ್ಮ ಕೆಂಪಾಗಿದೆಯೋ ಮೇಲಿನ ಮದ್ದು ಕೆಂಪಾಗಿದೆಯೋ ಹೇಳುವ ಹಾಗೇ ಇರಲಿಲ್ಲ. ಉಪ್ಪುನೀರಲ್ಲಿ ಅದ್ದಿದ ಅರಿವೆ ಇಟ್ಟು, ನೆನೆಯಲು ಬಿಟ್ಟು, ನಿಧಾನಕ್ಕೆ ಬಿಡಿಸಿದೆ. ಪದರ ಪದರವಾಗಿ ಎದ್ದು ಬಂತು. ಕೆಳಗೆ ಕೀವು. ಕೀವು ಒರೆಸಿದರೆ ಅದರ ಬುಡದಲ್ಲಿ ಕರ್ರಗೆ ಒಂದು ಚೂರು, ತೊಗರಿ ಕಟ್ಟಿಗೆಯದ್ದು, ತುದಿ ಮಾತ್ರ ಕಾಣುತ್ತಿತ್ತು. ಅವತ್ತೇ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಚೂರು ತೆಗೆದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿ, ಡ್ರೆಸ್ಸಿಂಗ್ ಮಾಡಿದರು. ಆಮೇಲೆ ಗಾಯ ಮುಚ್ಚಿಕೊಳ್ಳಲು ಜಾಸ್ತಿ ದಿನ ಬೇಕಾಗಲಿಲ್ಲ. ಮುಳ್ಳು, ಕಟ್ಟಿಗೆ, ಗಾಜಿನ ಚೂರು ಒಳಗೆ ಇರುವ ತನಕ ಜಗತ್ತಿನ ಯಾವ ಮದ್ದೂ ಕೆಲಸ ಮಾಡಲ್ಲ.

ಗಾಯಕ್ಕೆ ಬಣ್ಣ ಬಳಿಯುವ ಯಾವ ಮದ್ದಾದರೂ ನನಗೆ ಹೆದರಿಕೆ ಇದಕ್ಕೇ. ಕೆಂಪು ಸುತ್ತ ಹರಡುತ್ತಿದೆಯಾ, ಅಂಚು ಕಪ್ಪಾಗುತ್ತಿದೆಯಾ, ಕೀವು ಹಸಿರಾಗಿದೆಯಾ ಅಂತ ನೋಡಿಯೇ ಗಾಯ ಯಾವ ಕಡೆ ಹೊರಟಿದೆ ಅಂತ ಗೊತ್ತಾಗುವುದು. ಅದನ್ನೇ ಮುಚ್ಚಿಬಿಟ್ಟರೆ ಹೇಗೆ?

ಅರಿಶಿನದ ಮಾತು ಬಂದಾಗ ಓದಿದವರೂ ಒಂದು ಮಾತು ಹೇಳುತ್ತಾರೆ, ಅಮೆರಿಕದವರೇ ನಮ್ಮ ಅರಿಶಿನಕ್ಕೆ ಪೇಟೆಂಟ್ ಮಾಡಿಸಿಕೊಂಡಿದ್ದರು, ಅಂದ ಮೇಲೆ ಅದು ಗಾಯ ಮಾಯಿಸಲೇಬೇಕಲ್ವಾ ಅಂತ. ನಡೆದದ್ದು ಹೀಗೆ. 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಯಿಸುವುದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೇ ಗ್ರಂಥಗಳ ಆಧಾರ ಕೊಟ್ಟು ಪ್ರಶ್ನೆ ಮಾಡಿತು, 1997ರಲ್ಲಿ ಅದು ರದ್ದಾಯಿತು. ಹೆಮ್ಮೆಯ ವಿಷಯ, ಅನುಮಾನವಿಲ್ಲ. ಆದರೆ ಅಲ್ಲಿ ತೀರ್ಮಾನ ಆಗಿದ್ದು ಈ ತಿಳಿವಳಿಕೆ ನಮ್ಮಲ್ಲಿ ಮೊದಲಿಂದಲೂ ಇತ್ತು ಅನ್ನುವುದು. ಅಡಿಗೆಮನೆ ಡಬ್ಬಿಯ ಪುಡಿ ಎಲ್ಲ ಗಾಯಕ್ಕೂ ಆಗುತ್ತದೆ ಅಂತ ಯಾರೂ ಹೇಳಲಿಲ್ಲ. ಅರಿಶಿನದಲ್ಲಿರುವ ಕುರ್ಕುಮಿನ್ ಅನ್ನುವ ಅಂಶಕ್ಕೆ ಊತ ಇಳಿಸುವ ಗುಣ ಇದೆ, ಅದರ ಮೇಲೆ ಎಷ್ಟೋ ಸಂಶೋಧನೆ ನಡೆದಿದೆ. ಆದರೆ ಡಬ್ಬಿಯ ಪುಡಿ ಗಿರಣಿಯಲ್ಲಿ ಬೀಸಿದ್ದು. ಅದರಲ್ಲಿ ಧೂಳು ಇರುತ್ತದೆ, ಒದ್ದೆ ಚಮಚ ಮುಟ್ಟಿರುತ್ತದೆ, ಒಮ್ಮೊಮ್ಮೆ ಬಣ್ಣವೂ ಬೆರೆಸಿರುತ್ತಾರೆ. ಸಾರಿಗೆ ಹಾಕಿದರೆ ಕುದಿಯುತ್ತದೆ. ಗಾಯಕ್ಕೆ ಹಾಕಿದರೆ ಹಸಿಯಾಗಿಯೇ ಒಳಗೆ ಹೋಗುತ್ತದೆ.

ಜೇನುತುಪ್ಪದ ಕತೆ ಇದಕ್ಕಿಂತ ಗಟ್ಟಿ. ನಮಗೆ ಪಕ್ಕದ ಸೊಲ್ಲಾಪುರದಲ್ಲೇ ಡಾಕ್ಟರ್ ಎಂ. ಸುಬ್ರಹ್ಮಣ್ಯಂ ಅನ್ನುವವರು ಸುಟ್ಟಗಾಯಕ್ಕೆ ಜೇನು ಹಚ್ಚಿ ಪರೀಕ್ಷಿಸಿ, 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಬರೆದರು. ಕಲಬುರಗಿಯವರು ದವಾಖಾನೆಗೆ ಅಂತ ಸೊಲ್ಲಾಪುರಕ್ಕೆ ಹೋಗುತ್ತಲೇ ಇರುತ್ತೇವೆ, ಆದರೆ ಈ ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಜೇನು ನೀರನ್ನು ಹೀರುತ್ತದೆ, ಹುಳಿ ಗುಣ ಇದೆ, ರೋಗಾಣು ಬೆಳೆಯಲು ಬಿಡಲ್ಲ. ಮೇಲುಮೇಲಿನ ಸುಟ್ಟಗಾಯ ಬೇಗ ಮಾಯಲು ಜೇನು ನೆರವಾಗುತ್ತದೆ ಅಂತ ಆಮೇಲೆ ದೊಡ್ಡ ವಿಮರ್ಶೆಗಳಲ್ಲೂ ಬಂದಿದೆ. ಆದರೆ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ, ಆಳವಾದ ಗಾಯಕ್ಕೆ ಅಷ್ಟು ಬಲವಾದ ಪುರಾವೆ ಇಲ್ಲ. ಈಗ ಆಸ್ಪತ್ರೆಯಲ್ಲಿ ಬಳಸುವ ಜೇನು ಗಾಮಾ ಕಿರಣದಿಂದ ಶುದ್ಧ ಮಾಡಿದ್ದು. ಸಂತೆಯಲ್ಲಿ ಬಾಟಲಿಗೆ ತುಂಬಿ ಮಾರುವುದರಲ್ಲಿ ಬೆಲ್ಲದ ಪಾಕ ಎಷ್ಟೋ, ಜೇನು ಎಷ್ಟೋ. ಅದನ್ನು ತೆರೆದ ಗಾಯಕ್ಕೆ ಸುರಿಯಬೇಡಿ.

ಲೋಳೆಸರ ಸಣ್ಣ ಸುಟ್ಟಗಾಯಕ್ಕೆ, ಬಿಸಿಲಿಗೆ ಉರಿಯುವ ಚರ್ಮಕ್ಕೆ ಹಿತ. ಕೀವು ತುಂಬಿದ ಗಾಯಕ್ಕೆ, ಹೊಲಿಗೆ ಹಾಕಿದ ಗಾಯಕ್ಕೆ ಬೇಡ. ಹೊಲದ ಬದುವಿನಲ್ಲಿ ನಡುವೆ ಹಳದಿ, ಸುತ್ತ ಬಿಳಿ ಎಸಳಿನ ಪುಟ್ಟ ಹೂ ಬಿಡುವ ಗಬ್ಬು ಶಾವಂತಿ ಇದೆಯಲ್ಲ, ಕುಡುಗೋಲು ತಾಗಿದರೆ ಅದರ ಎಲೆ ಉಜ್ಜಿ ರಸ ಹಿಂಡುತ್ತಾರೆ. ರಕ್ತ ನಿಲ್ಲಲು ಅದಕ್ಕಿಂತ ಚೊಕ್ಕ ಅರಿವೆ ಒತ್ತಿ ಹಿಡಿಯುವುದು ಒಳ್ಳೆಯದು. ಎಲೆಗೆ ಅಂಟಿದ ಮಣ್ಣಲ್ಲಿ ಧನುರ್ವಾಯುವಿನ ಬೀಜ ಇರಬಹುದು. ಸಗಣಿ, ಬೂದಿ, ತಂಬಾಕಿನ ಪುಡಿ, ಸೀಮೆಎಣ್ಣೆ, ಟೂತ್‌ಪೇಸ್ಟು, ಇಂಕು, ಇವುಗಳ ಹೆಸರೂ ಎತ್ತಬಾರದು.

ಹಾಗಾದರೆ ಮನೆಯಲ್ಲಿ ಮಾಡುವುದೇನು? ತೊಳೆಯುವುದು. ನಮ್ಮಲ್ಲಿ ಗಾಯಕ್ಕೆ ನೀರು ತಾಗಿಸಬಾರದು ಅಂತ ಒಂದು ಮಾತಿದೆ, ಅದನ್ನು ಬಿಡಬೇಕು. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಮಟ್ಟಸವಾಗಿ ಒಂದು ಸಣ್ಣ ಚಮಚ ಉಪ್ಪು ಹಾಕಿ, ಮುಚ್ಚಿಟ್ಟು ಆರಿಸಿ. ಆಸ್ಪತ್ರೆಯ ಸಲೈನ್‌ನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಉಪ್ಪು, ಲೀಟರಿಗೆ 9 ಗ್ರಾಂ. ಕೈಯನ್ನು ಸೋಪು ಹಾಕಿ ತೊಳೆದುಕೊಂಡು, ಈ ನೀರನ್ನು ಗಾಯದ ಮೇಲೆ ಸುರಿಯಿರಿ. ಅವತ್ತಿನದು ಅವತ್ತಿಗೇ, ಉಳಿದರೆ ಚೆಲ್ಲಿ. ಸ್ಪಿರಿಟ್ಟು, ಡೆಟಾಲು, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡು ದಿನಾ ಹಾಕಿದರೆ ರೋಗಾಣು ಜೊತೆಗೆ ಹೊಸದಾಗಿ ಬರುತ್ತಿರುವ ಚರ್ಮವೂ ಸಾಯುತ್ತದೆ. ಉರಿದರೆ ಮದ್ದು ಹತ್ತುತ್ತಿದೆ ಅಂತ ತಿಳಿಯುವುದು ತಪ್ಪು.

ಇನ್ನೊಂದು, ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸುವುದು. ಒಣಗಿ ಹಕ್ಕಳೆ ಕಟ್ಟಿದರೆ ವಾಸಿಯಾಯ್ತು ಅಂತ ಎಲ್ಲರ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ, ತೇವ ಆರದಂತೆ ಮುಚ್ಚಿಟ್ಟ ಗಾಯದಲ್ಲಿ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಬೆಳೆಯುತ್ತದೆ ಅಂತ ತೋರಿಸಿದರು. ಹಕ್ಕಳೆ ಗಟ್ಟಿಯಾಗಿದ್ದರೆ ಹೊಸ ಚರ್ಮ ಅದರ ಅಡಿಯಲ್ಲಿ ದಾರಿ ಹುಡುಕಿಕೊಂಡು ಸಾಗಬೇಕು, ಅದಕ್ಕೇ ತಡ, ಕಲೆಯೂ ಜಾಸ್ತಿ. ಹಾಗಾಗಿ ಕೀವಿಲ್ಲದ ಚೊಕ್ಕ ಗಾಯಕ್ಕೆ ತೆಳ್ಳಗೆ ವ್ಯಾಸಲಿನ್ ಹಚ್ಚಿ, ಶುದ್ಧ ಗಾಜ್ ಬಟ್ಟೆ ಕಟ್ಟಿದರೆ ಸಾಕು. ನಮ್ಮ ಕಲಬುರಗಿಯ ಧೂಳಿಗೆ, ನೊಣಕ್ಕೆ ಗಾಯ ತೆರೆದಿಟ್ಟು ಏನು ಲಾಭ ಹೇಳಿ? ಬಾಳೆ ಎಲೆಯನ್ನೂ ಮುಂಬೈ ಡಾಕ್ಟರುಗಳು ಸುಟ್ಟಗಾಯಕ್ಕೆ ಕಟ್ಟಿ ನೋಡಿದ್ದಾರೆ, ಒಳ್ಳೆಯ ಫಲ ಬಂದಿದೆ, ಗಾಯಕ್ಕೆ ಅಂಟಲ್ಲ, ಬಿಚ್ಚುವಾಗ ನೋವಾಗಲ್ಲ. ಆದರೆ ಅವರು ಎಲೆಯನ್ನು ಆಸ್ಪತ್ರೆಯಲ್ಲಿ ಶುದ್ಧೀಕರಿಸಿ ಬಳಸಿದ್ದು. ಮನೆಮದ್ದೂ ಆಸ್ಪತ್ರೆಯೂ ಒಂದಕ್ಕೊಂದು ವೈರಿ ಆಗಬೇಕಿಲ್ಲ ಅನ್ನುವುದಕ್ಕೆ ನಾನು ಇದನ್ನು ಹೇಳುತ್ತಿರುತ್ತೇನೆ.

ಸುಟ್ಟ ಕೂಡಲೇ ಮಾಡಬೇಕಾದ್ದು ಒಂದೇ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಮೇ ತಿಂಗಳಲ್ಲಿ ನಮ್ಮ ಕಡೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕಾದು ಕುದಿಯುವ ಹಾಗಿರುತ್ತದೆ, ಆಗ ಬೋರಿನ ನೀರೋ ಗಡಿಗೆ ನೀರೋ ಸುರಿಯಿರಿ. ಐಸ್ ಬೇಡ, ತುಪ್ಪ ಬೇಡ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವ ವಿಷಯಕ್ಕೆ ಬರುತ್ತೇನೆ. ಗಾಯ ಆದವರಿಗೆ ಪಥ್ಯ. "ಬ್ಯಾಳಿ ಉಣಬ್ಯಾಡ, ಕೀವು ಆಗ್ತದ. ತತ್ತಿ ಬ್ಯಾಡ, ನಂಜು. ಬದ್ನಿಕಾಯಿ ಬ್ಯಾಡ." ಕೊನೆಗೆ ಉಳಿಯುವುದು ರೊಟ್ಟಿ, ಖಾರ, ಇಲ್ಲವೇ ಗಂಜಿ. ಬಾಣಂತಿಗೂ ಇದೇ, ಆಪರೇಷನ್ ಆದವರಿಗೂ ಇದೇ. ಕೀವು ಆಗುವುದು ರೋಗಾಣುವಿನಿಂದ. ಬೇಳೆಯಿಂದ ಅಲ್ಲವೇ ಅಲ್ಲ. ಹೊಸ ಚರ್ಮ, ಹೊಸ ಮಾಂಸ ಬೆಳೆಯಲು ದೇಹಕ್ಕೆ ಬೇಕಾದ್ದು ಪ್ರೋಟೀನ್, ಅದು 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಇಡೀ ರಾಜ್ಯಕ್ಕೆ ತೊಗರಿ ಬೆಳೆದು ಕೊಡುವ ಜಿಲ್ಲೆ ನಮ್ಮದು, 2019ರಲ್ಲಿ ನಮ್ಮ ತೊಗರಿಬೇಳೆಗೆ ಈ ನೆಲದ್ದೇ ಬೆಳೆ ಅಂತ ಗುರುತಿಸುವ ಜಿಐ ಮಾನ್ಯತೆಯೂ ಬಂತು. ಆ ತೊಗರಿ ಕೊಯ್ಯಲು ಹೋಗಿ ಕಾಲಿಗೆ ಗಾಯ ಮಾಡಿಕೊಂಡ ಹೆಣ್ಣುಮಗಳ ತಾಟಿನಿಂದ ಬೇಳೆ ತೆಗೆಯುತ್ತೇವೆ! ಆಕೆಗೆ ಬೇಳೆ ಕೊಡಿ, ತತ್ತಿ ಕೊಡಿ, ಹಾಲು, ಮೊಸರು, ಶೇಂಗಾ ಹಿಂಡಿ ಕೊಡಿ, ಮಾಂಸ ತಿನ್ನುವವರಾದರೆ ಅದನ್ನೂ ಕೊಡಿ. ಪೇರಲ, ನೆಲ್ಲಿಕಾಯಿ, ನಿಂಬೆಹಣ್ಣು ಕೊಡಿ. ಅದರಲ್ಲಿನ ವಿಟಮಿನ್ ಸಿ ಇಲ್ಲದೆ ಗಾಯವನ್ನು ಹಿಡಿದಿಡುವ ಕೊಲಾಜನ್ ಕಟ್ಟಿಕೊಳ್ಳುವುದೇ ಇಲ್ಲ. ರಕ್ತ ಕಡಿಮೆ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ನನ್ನನ್ನು ಕೇಳಿದರೆ ಗಾಯಕ್ಕೆ ನಿಜವಾದ ಮನೆಮದ್ದು ಊಟವೇ.

ಇಷ್ಟೆಲ್ಲ ಮಾಡಿದರೂ ಎರಡು ಮೂರು ವಾರದಲ್ಲಿ ಗಾಯ ಸಣ್ಣದಾಗುತ್ತಾ ಬರಲಿಲ್ಲ ಅಂದರೆ ತೊಂದರೆ ಬರೀ ಮೇಲಿನ ಚರ್ಮದಲ್ಲಿಲ್ಲ, ಒಳಗೆ ಎಲ್ಲೋ ಇರಬಹುದು. ಮೊದಲು ನೋಡಬೇಕಾದ್ದು ಸಕ್ಕರೆ. ಸಕ್ಕರೆ ಬ್ಯಾನಿ ಇರುವವರಿಗೆ ಕಾಲಿನ ನರ ಮಂದವಾಗುತ್ತದೆ, ರಕ್ತನಾಳ ಸಣ್ಣದಾಗುತ್ತದೆ, ರೋಗಾಣು ಜೊತೆ ಹೋರಾಡುವ ಶಕ್ತಿ ಕುಗ್ಗುತ್ತದೆ. ಮೂರೂ ಕೂಡಿದರೆ ಗಾಯ ಮಾಯಲ್ಲ. ಎಷ್ಟೋ ಜನಕ್ಕೆ ಸಕ್ಕರೆ ಇದೆ ಅಂತ ಗೊತ್ತಾಗುವುದೇ ಕಾಲಿನ ಹುಣ್ಣು ತೋರಿಸಲು ಬಂದಾಗ. ಬರಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸುಮ್ನೆ ಇರಬೇಡಿ, ಮತ್ತೆ ಪರೀಕ್ಷಿಸಿ ಚಿಕಿತ್ಸೆ ಶುರು ಮಾಡಿಸಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಉಚಿತ.

ನೋವಿಲ್ಲದ ಗಾಯ ನೋವಿರುವ ಗಾಯಕ್ಕಿಂತ ಕೆಟ್ಟದ್ದು. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ. ಬೇಸಿಗೆಯಲ್ಲಿ ಒಬ್ಬ ಮುತ್ಯಾನನ್ನು ಮೊಮ್ಮಗ ಕರೆದುಕೊಂಡು ಬಂದಿದ್ದ. ಗುಡಿಯ ಅಂಗಳದ ಶಹಾಬಾದ್ ಪರಸಿ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಿಂತಿದ್ದರಂತೆ. ಎರಡೂ ಅಂಗಾಲು ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದು ಜೋತು ಬಿದ್ದಿತ್ತು. ಮುತ್ಯಾ ಮಾತ್ರ "ಏನೂ ಬ್ಯಾನಿ ಇಲ್ರಿ ಅಕ್ಕೋರೆ, ಇವನೇ ಅಂಜ್ಯಾನ" ಅಂತ ಆರಾಮಾಗಿ ಕೂತಿದ್ದರು. ಆರಾಮ ಇದ್ದದ್ದು ನರ ಸತ್ತಿದ್ದಕ್ಕೆ. ಹರಕೆ ಹೊತ್ತು ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆಯುವವರು, ಜಾತ್ರೆ, ಉರುಸಿನಲ್ಲಿ ಬಿಸಿಲಿಗೆ ನಿಲ್ಲುವವರು ಸಕ್ಕರೆ ಇದ್ದರೆ ಮೊದಲು ಕಾಲು ತೋರಿಸಿಕೊಳ್ಳಿ. ದೇವರು ಚಪ್ಪಲಿ ಹಾಕಿ ನಡೆದು ಬಂದವರನ್ನೂ ನೋಡುತ್ತಾನೆ ಅಂತ ನಾನು ನಂಬಿದ್ದೇನೆ. ಸ್ಪರ್ಶ ಕಡಿಮೆಯಾದ ಕಾಲಿಗೆ ಎಂಸಿಆರ್ ಅನ್ನುವ ಮೆತ್ತಗಿನ ರಬ್ಬರಿನ ಚಪ್ಪಲಿ ಇರುತ್ತದೆ, ಕೇಳಿ ಹಾಕಿಕೊಳ್ಳಿ.

ಮೈಮೇಲೆ ಮುಟ್ಟಿದರೆ ಗೊತ್ತಾಗದ ಮಾಸಲು ಮಚ್ಚೆ ಇದ್ದು, ಕೈಕಾಲಲ್ಲಿ ನೋವಿಲ್ಲದ ಹುಣ್ಣಾಗುತ್ತಿದ್ದರೆ ಅದು ಕುಷ್ಠ ಆಗಿರಬಹುದು. ಮುಚ್ಚಿಡಬೇಡಿ. ಅದರ ಮದ್ದು, ಎಂಡಿಟಿ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಬೀಡಿ ಸೇದುವವರ ರಕ್ತನಾಳ ಕಟ್ಟಿಕೊಂಡು ವಯಸ್ಸಿನ ಹುಡುಗರ ಬೆರಳೂ ಕಪ್ಪಾಗುತ್ತದೆ, ಬೀಡಿ ಬಿಡದೆ ಆ ಗಾಯ ಮಾಯಲ್ಲ. ಹಗಲೆಲ್ಲಾ ನಿಂತು ದುಡಿಯುವವರಿಗೆ ಕಾಲಿನ ರಕ್ತನಾಳ ಉಬ್ಬಿ, ಹಿಮ್ಮಡಿಯ ಮೇಲೆ ಒಳಮಗ್ಗುಲಲ್ಲಿ ಹುಣ್ಣಾದರೆ ಅದಕ್ಕೆ ಬಿಗಿ ಪಟ್ಟಿ ಬೇಕು, ಡಾಕ್ಟರು ರಕ್ತದ ಓಡಾಟ ನೋಡಿದ ಮೇಲೆಯೇ. ಗುಟ್ಕಾ, ತಂಬಾಕು ಹಾಕುವವರ ಬಾಯಿಯ ಹುಣ್ಣು ಮೂರು ವಾರ ಮಾಯಲಿಲ್ಲ ಅಂದರೆ ಕ್ಯಾನ್ಸರ್ ಪರೀಕ್ಷೆ ಆಗಲೇಬೇಕು. ಹಳೇ ಸುಟ್ಟ ಕಲೆಯ ಮೇಲೆ ವರ್ಷಗಳ ನಂತರ ಹುಣ್ಣೆದ್ದರೂ ಹಾಗೆಯೇ. ಜ್ವರ, ಹರಡುವ ಕೆಂಪು, ಕೆಟ್ಟ ವಾಸನೆ, ಕಪ್ಪಾಗುವ ಚರ್ಮ, ಇವು ಕಂಡರೆ ವಾರ ಕಾಯುವುದಲ್ಲ, ಅವತ್ತೇ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದು 10 ವರ್ಷಕ್ಕೊಮ್ಮೆ ಬೇಕು, ಮಣ್ಣು ಹೊಕ್ಕ ಗಾಯವಾದರೆ 5 ವರ್ಷ ದಾಟಿದ್ದರೂ ಹಾಕಿಸಿ. ಹೆಣ್ಣುಮಕ್ಕಳಿಗೆ ಬಸಿರಲ್ಲಾದರೂ ಹಾಕಿರುತ್ತಾರೆ, ಗಂಡಸರು ಹಾಕಿಸಿಕೊಂಡಿದ್ದೇ ಕಡಿಮೆ.

ಕಲೆಯ ಬಗ್ಗೆ ಕೇಳುವವರು ಹೆಚ್ಚಾಗಿ ಮದುವೆ ವಯಸ್ಸಿನ ಹುಡುಗಿಯರ ತಾಯಂದಿರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಕಲೆ ಪೂರ್ತಿ ಅಳಿಸುವ ಮದ್ದು ಇಲ್ಲ, ಆದರೆ ಮಂಕಾಗುತ್ತದೆ, ಅದಕ್ಕೆ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಹಕ್ಕಳೆ ಕೀಳಬೇಡಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ ದಿನಾ ಸ್ವಲ್ಪ ಹೊತ್ತು ಮೆಲ್ಲಗೆ ಒತ್ತಿ ತಿಕ್ಕಿ. ಕೆಲಸ ಮಾಡುವುದು ಎಣ್ಣೆಗಿಂತ ಹೆಚ್ಚಾಗಿ ಆ ಒತ್ತುವಿಕೆ. ಬಿಸಿಲು ಬಿದ್ದರೆ ಹೊಸ ಕಲೆ ಕಪ್ಪಾಗುತ್ತದೆ, ನಮ್ಮ ಬಿಸಿಲಂತೂ ಹೇಳುವುದೇ ಬೇಡ, ಸೆರಗೋ ಓಢಣಿಯೋ ಹೊದ್ದು ಮುಚ್ಚಿಕೊಳ್ಳಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನೂ ಕಪ್ಪಾಗುತ್ತದೆ, ನಿಮ್ಮ ಬರಹದಲ್ಲಿ ಈ ಸಲಹೆ ಇದ್ದದ್ದಕ್ಕೆ ನನಗೆ ಬಹಳ ಬೇಜಾರಾಯಿತು. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವುದರಿಂದ ಕಲೆಗೆ ಲಾಭವಿಲ್ಲ, ಪರೀಕ್ಷೆ ಮಾಡಿ ನೋಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಅಲರ್ಜಿಯೇ ಆಯ್ತು. ಉಬ್ಬಿದ ಕಲೆಗೆ ಸಿಲಿಕಾನ್ ಜೆಲ್ ಅಥವಾ ಹಾಳೆ ಸಿಗುತ್ತದೆ. ಹಾಳೆಯಾದರೆ ದಿನಕ್ಕೆ 12 ತಾಸಿಗಿಂತ ಜಾಸ್ತಿ, ಎರಡು ಮೂರು ತಿಂಗಳಾದರೂ ಬಿಡದೆ ಹಾಕಬೇಕು. ಎದೆ, ಭುಜ, ಕಿವಿಯ ಮೇಲೆ ಗಾಯ ಮೀರಿ ಗಂಟಾಗಿ ಬೆಳೆಯುವುದು ಕೆಲಾಯ್ಡ್, ಅದಕ್ಕೆ ಚರ್ಮದ ಡಾಕ್ಟರೇ ಬೇಕು. ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಕೊಡುವ ಸ್ಟಿರಾಯ್ಡ್ ಕ್ರೀಮು ಮಾತ್ರ ಹಚ್ಚಬೇಡಿ, ಚರ್ಮ ತೆಳುವಾಗಿ ಮತ್ತೆ ಒಡೆಯುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಮನೆಮದ್ದಿನ ಅಂಕಣ ನಿಲ್ಲಿಸಿ ಅಂತ ನಾನು ಹೇಳಲ್ಲ. ಗಾಯದ ಬಗ್ಗೆ ಬರೆದಾಗಲೆಲ್ಲ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಹಾಕಿ: ಮೂರು ವಾರದಲ್ಲಿ ಮಾಯದ ಗಾಯಕ್ಕೆ ಸಕ್ಕರೆ ಪರೀಕ್ಷೆ ಮಾಡಿಸಿ, ನೋವಿಲ್ಲದ ಗಾಯವನ್ನು ಡಾಕ್ಟರಿಗೆ ತೋರಿಸಿ. ಇದನ್ನು ಓದುವ ಆರೋಗ್ಯ ಇಲಾಖೆಯವರಲ್ಲೂ ಒಂದು ಮಾತು. ತೊಗರಿ ಕೊಯ್ಲಿನ ಎರಡು ತಿಂಗಳು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಂಜೆಯೂ ಡ್ರೆಸ್ಸಿಂಗ್ ಇರಲಿ. ಕೂಲಿಯವರು ಹೊಲದಿಂದ ಬರುವುದೇ ಹೊತ್ತು ಮುಳುಗಿದ ಮೇಲೆ, ಹಗಲು ಬಂದರೆ ಅವತ್ತಿನ ಕೂಲಿ ಹೋಯಿತು. ಸಕ್ಕರೆ ಮಾತ್ರೆ ತಗೊಳ್ಳಲು ಬಂದವರ ಚಪ್ಪಲಿ ಬಿಚ್ಚಿಸಿ, ಅಂಗಾಲು ನೋಡಿ, ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಇದೆಯಾ ಅಂತ ಕೇಳಿ, ಆಮೇಲೆ ಮಾತ್ರೆ ಕೊಡಿ. ಒಬ್ಬರಿಗೆ ಐದು ನಿಮಿಷ ಸಾಕು. ಈ ಸುಗ್ಗಿಗೆ ಮೊದಲೇ ಶುರುವಾದರೆ ಒಳ್ಳೆಯದು, ಕೈಗವಸು ಹಾಕಿಕೊಂಡು ಕೂರಲು ನಮ್ಮಂಥ ನಿವೃತ್ತ ಸಿಸ್ಟರ್‌ಗಳು ತಯಾರಿದ್ದೇವೆ, ಕರೆದರೆ ಸಾಕು.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ
ಸೇಡಂ, ಕಲಬುರಗಿ ಜಿಲ್ಲೆ